ರೆಫರಿಗೆ ಕಂಡದ್ದು

ಕಳೆದ ತಿಂಗಳ ಕುಸ್ತಿ ಷೋನಲ್ಲಿ ಒಬ್ಬ ಪೈಲ್ವಾನ ಇನ್ನೊಬ್ಬನ ಬೆನ್ನಿಗೆ ಮರದ ಸ್ಟೂಲಿನಿಂದ ಹೊಡೆದ. ಹೊಡೆಸಿಕೊಂಡವನು ಮಾರನೆಯ ದಿನ ಎಂದಿನಂತೆ ಕೆಲಸಕ್ಕೆ ಹೋದ. ಹೊಡೆದವನೂ ಹೋದ. ಪೆಟ್ಟು ಬಿದ್ದದ್ದು ಮಾತ್ರ ಕನ್ನಡಕದ ಅಂಗಡಿಗೆ.

ಯಾಕೆಂದರೆ ಆ ಷೋಗೆ ರೆಫರಿಯಾಗಿದ್ದವನು ಕನ್ನಡಕದ ಅಂಗಡಿಯ ಮಾಲೀಕ. ಸ್ಟೂಲು ಮೇಲೇಳುವ ಹೊತ್ತಿಗೆ ಸರಿಯಾಗಿ ಅವನು ಬಗ್ಗಿ ತನ್ನ ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದ. ಷೋ ನಡೆದ ಹಾಲ್‌ನಲ್ಲಿದ್ದವರೆಲ್ಲ "ಹಿಂದೆ ನೋಡ್ರೀ, ಹಿಂದೆ" ಎಂದು ಗಂಟಲು ಹರಿದುಕೊಂಡರೂ ಗಂಟಿನ ಮೇಲೆ ಗಂಟು ಹಾಕುತ್ತ ಕೂತ. ಅದು ಅವನ ತಪ್ಪಲ್ಲ. ಮೋಸ ನಡೆಯುವಾಗ ರೆಫರಿ ಬೇರೆ ಕಡೆ ನೋಡುತ್ತಿರಬೇಕು ಎನ್ನುವುದು ಷೋ ಕುಸ್ತಿಯ ಮೊದಲ ಪಾಠ. ಅದನ್ನು ಹೊರಗೆ ಯಾರಿಗೂ ಹೇಳುವ ಹಾಗಿಲ್ಲ ಎನ್ನುವುದು ಎರಡನೆಯದು.

ಅಂದಿನಿಂದ ಬೀದಿಯವರೆಲ್ಲ ಅವನನ್ನು 'ರೆಫ್ರಿ' ಎಂದೇ ಕರೆಯತೊಡಗಿದ್ದರು. ಅದರ ಜೊತೆಗೆ ಅಂಗಡಿಗೆ ಬರುವವರೂ ಕಡಿಮೆಯಾಗುತ್ತ ಬಂದಿದ್ದರು. ಈ ದಿನ ಬೆಳಿಗ್ಗೆ ಬಂದ ಒಬ್ಬ ನಿವೃತ್ತ ಟೀಚರಮ್ಮ ಕುರ್ಚಿಯಲ್ಲಿ ಕೂತು, ಗದ್ದ ಊರಿ, ಎದುರಿನ ಅಕ್ಷರ ಓದಲು ಶುರುಮಾಡಿದವರು ನಡುವೆಯೇ ನಿಲ್ಲಿಸಿ ಅವನ ಮುಖ ದಿಟ್ಟಿಸಿದರು.

"ಅವತ್ತು ಹಾಲ್‌ನಲ್ಲಿ ರೆಫರಿ ಆಗಿದ್ದೋರು ನೀವೇ ಅಲ್ವೇನ್ರಿ?"

"ಹೌದಮ್ಮ. ಕೆಳಗಿನ ಸಾಲು ಓದಿ."

"ಅಷ್ಟು ದಪ್ಪ ಸ್ಟೂಲು ಕಾಣದೋರು ನನ್ನ ಕಣ್ಣೊಳಗಿನ ಪೊರೆ ಹ್ಯಾಗಪ್ಪಾ ಕಾಣ್ತೀರಿ?" ಎಂದವರೇ ಚೀಲ ಎತ್ತಿಕೊಂಡು ಎದುರು ಸಾಲಿನ ಇನ್ನೊಂದು ಕನ್ನಡಕದ ಅಂಗಡಿಗೆ ನಡೆದರು.

ಪಕ್ಕದ ಔಷಧಿ ಅಂಗಡಿಯವನು ಇದನ್ನೆಲ್ಲ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದ. ಅವನ ಅಂಗಡಿಯಲ್ಲಿ ವ್ಯಾಪಾರ ಹೇಗೇ ಇರಲಿ, ಬಾಯಿಗೆ ಬಿಡುವಿರಲಿಲ್ಲ. "ರೆಫ್ರಿ ಸಾಹೇಬ್ರೆ, ಇವತ್ತು ಸಂಜೆ ಮತ್ತೆ ಷೋ ಅಂತೆ? ಈಗ ಯಾರ್ರೀ ಕುಸ್ತಿ ನೋಡ್ತಾರೆ. ಎಲ್ಲ ಫೋನ್‌ನಲ್ಲೇ ಬಡಿದಾಡ್ಕೊಳ್ತಿದಾರೆ. ಆದ್ರೂ ಬರ್ತೀನಿ ಬಿಡಿ. ನೀವು ಲೇಸ್ ಕಟ್ಟೋದನ್ನ ನೋಡೋಕೆ."

ರೆಫರಿ ಒಳಗೆ ಹೋಗಿ, ಆಗಲೇ ಒರೆಸಿಟ್ಟಿದ್ದ ಗಾಜನ್ನೇ ಮತ್ತೆ ಒರೆಸಿದ. ಅವನ ತಲೆಯಲ್ಲಿ ಇದ್ದದ್ದು ಒಂದೇ. ಈ ದಿನ ಮಧ್ಯಾಹ್ನ ಬಸ್ ಕಂಪನಿಯ ಮ್ಯಾನೇಜರು ಬರುವವರಿದ್ದರು. ಕಂಪನಿಯ ಅಷ್ಟೂ ಡ್ರೈವರುಗಳ ಕಣ್ಣಿನ ತಪಾಸಣೆ ಯಾರಿಗೆ ಕೊಡುವುದೆಂದು ನೋಡಿಹೋಗಲು. ಅದು ಸಿಕ್ಕರೆ ಅಂಗಡಿ ಉಳಿಯುತ್ತಿತ್ತು. ಸಿಗದಿದ್ದರೆ ಬೋರ್ಡು ಇಳಿಸುವುದೊಂದೇ ದಾರಿ.

ಮ್ಯಾನೇಜರು ಬಂದರು. ಮಿತಭಾಷಿ. ನಗು ಅವರ ಮುಖಕ್ಕೆ ದಾರಿ ತಪ್ಪಿಯೂ ಬಂದಂತಿರಲಿಲ್ಲ. ಯಂತ್ರಗಳನ್ನು ನೋಡಿದರು, ಗಾಜುಗಳನ್ನು ಬೆಳಕಿಗೆ ಹಿಡಿದು ನೋಡಿದರು, ತಲೆಯಾಡಿಸಿದರು. ಎಲ್ಲ ಸುಸೂತ್ರವಾಗಿ ಮುಗಿಯಿತು ಎನ್ನುವಾಗ ಬಾಗಿಲಲ್ಲಿ ಔಷಧಿ ಅಂಗಡಿಯವನ ತಲೆ ಕಾಣಿಸಿತು.

"ಸರ್, ನಮ್ಮ ರೆಫ್ರಿ ಬಂಗಾರದಂಥ ಮನುಷ್ಯ. ಒಂದೇ ಒಂದು ಸ್ಟೂಲು ಕಾಣಲಿಲ್ಲ ಅಂತ ಜನ ಆಡ್ಕೋತಾರೆ. ನೀವು ತಲೆಗೆ ಹಾಕ್ಕೋಬೇಡಿ."

"ಯಾವ ಸ್ಟೂಲು?" ಎಂದರು ಮ್ಯಾನೇಜರು.

ಔಷಧಿ ಅಂಗಡಿಯವನು ಕೈಕಾಲು ಕುಣಿಸಿ, ಯಾರ ಬೆನ್ನಿಗೆ, ಎಲ್ಲಿಂದ, ಎಷ್ಟು ಎತ್ತರದಿಂದ ಬಿತ್ತೆಂದು ತೋರಿಸಿ ಹೇಳಿದ. ಮ್ಯಾನೇಜರು ಪೂರ್ತಿ ಕೇಳಿಸಿಕೊಂಡು ರೆಫರಿಯ ಕಡೆ ತಿರುಗಿದರು.

"ಬಸ್ಸಿನ ಮುಂದೆ ಏನು ಬಂತು ಅನ್ನೋದು ಡ್ರೈವರಿಗೆ ಕಾಣಬೇಕು. ಅದು ಕಾಣುತ್ತೋ ಇಲ್ವೋ ಅನ್ನೋದು ನಿಮಗೆ ಕಾಣಬೇಕು. ಸಂಜೆ ಮನೆಯವರನ್ನ ಕರ್ಕೊಂಡು ಬರ್ತೀನಿ. ಮುಂದಿನ ಸಾಲಲ್ಲಿ ಕೂರ್ತೀನಿ. ನೋಡೋಣ."

ಅವರು ಹೋದ ಮೇಲೆ ರೆಫರಿ ಅಂಗಡಿಗೆ ಬೀಗ ಹಾಕಿ ನೇರ ಕುಸ್ತಿಯ ಹಾಲ್‌ಗೆ ಓಡಿದ.

ಹಾಲ್‌ನಲ್ಲಿ ಸೋದರಮಾವ ರಿಂಗಿನ ಹಗ್ಗ ಬಿಗಿಸುತ್ತಿದ್ದ. ಷೋ ನಡೆಸುವವನು ಅವನೇ. ಒಂದು ಕಾಲದಲ್ಲಿ ಹೆಸರಾಂತ ಪೈಲ್ವಾನ. ರೆಫರಿಯ ಅಪ್ಪ ಬೇಗ ತೀರಿಕೊಂಡಾಗ ಅಕ್ಕನ ಮನೆಯನ್ನು ಹೆಗಲ ಮೇಲೆ ಹೊತ್ತು, ಇವನನ್ನು ಓದಿಸಿ ಅಂಗಡಿ ಹಾಕಿಕೊಟ್ಟವನೂ ಅವನೇ. ಹಾಗಾಗಿ ಮಾವ ಪಟ್ಟೆಪಟ್ಟೆ ಅಂಗಿ ಕೊಟ್ಟು "ರೆಫರಿ ಆಗು" ಎಂದಾಗ ಇವನ ಬಾಯಿಂದ ಇಲ್ಲ ಎನ್ನುವ ಮಾತು ಹೊರಟಿರಲಿಲ್ಲ.

"ಮಾವ, ಇವತ್ತೊಂದು ದಿನ ನಾನು ನೋಡಿಬಿಡ್ತೀನಿ."

"ಏನನ್ನ?"

"ಮೋಸಾನ."

ಮಾವನ ಕೈಯಿಂದ ಹಗ್ಗ ಜಾರಿತು. "ನಿನಗೇನು ತಲೆ ಕೆಟ್ಟಿದೆಯೇನೋ? ರೆಫರಿ ನೋಡಿದ್ರೆ ಮೋಸ ಎಲ್ಲಿ ಉಳೀತು? ಮೋಸ ಇಲ್ಲದ ಮೇಲೆ ಜನಕ್ಕೆ ಸಿಟ್ಟು ಹ್ಯಾಗೆ ಬರುತ್ತೆ?"

ರೆಫರಿ ಮ್ಯಾನೇಜರ ವಿಷಯ ಹೇಳಿದ. ಮಾವ ರಿಂಗಿನ ಅಂಚಿನಲ್ಲಿ ಕೂತು ಮೊಣಕಾಲು ನೀವಿಕೊಂಡ.

"ನಮ್ಮ ಕಾಲದಲ್ಲಿ ಜನ ಕಾಂಪೌಂಡ್ ಹತ್ತಿ ಕುಸ್ತಿ ನೋಡ್ತಿದ್ರು. ನಾನು ಕೆಟ್ಟ ಪೈಲ್ವಾನ ಆಗಿದ್ದಾಗ ಕ್ಷೌರದವನು ಅರ್ಧ ಗಡ್ಡ ಬೋಳಿಸಿ, ಕತ್ತಿ ಕುತ್ತಿಗೆ ಮೇಲಿಟ್ಟು, 'ಆ ಒಳ್ಳೆ ಮನುಷ್ಯನ ಕಣ್ಣಿಗೆ ಯಾಕೆ ಚುಚ್ಚಿದೆ' ಅಂತ ಕೇಳಿದ್ದ. ಅಂಥ ಗೌರವ ಈಗ ಯಾರಿಗಿದೆ ಹೇಳು? ಈಗ ಜನ ನಗ್ತಾರೆ. ನಗೋನು ಒಂದು ಸಲ ಬರ್ತಾನೆ. ಸಿಟ್ಟಾದೋನು ಪ್ರತಿ ವಾರ ಬರ್ತಾನೆ. ಇವತ್ತೂ ಜನ ನಕ್ಕೊಂಡು ಎದ್ದು ಹೋದ್ರೆ ಹಾಲ್‌ನ ಡ್ಯಾನ್ಸ್ ಕ್ಲಾಸಿಗೆ ಕೊಡ್ತೀನಿ ಅಂತ ಮಾಲೀಕ ಹೇಳಿದಾನೆ. ಅಲ್ಲಿಗೆ ಕುಸ್ತಿ ಮುಗೀತು. ನಾನೂ ಮುಗಿದೆ."

ಅಷ್ಟರಲ್ಲಿ ಈಗಿನ ಕೆಟ್ಟ ಪೈಲ್ವಾನ ಕರಡಿ ಒಳಗೆ ಬಂದ. ರಿಂಗಿನಲ್ಲಿ ಗುರ್ ಎನ್ನುತ್ತ ಎದುರಾಳಿಯ ಕಿವಿ ಕಚ್ಚುವ ಈ ದೈತ್ಯ ಹಗಲು ಹೊತ್ತು ಹಾಸಿಗೆ ಅಂಗಡಿಯಲ್ಲಿ ಹತ್ತಿ ತುಂಬುತ್ತಿದ್ದ. ಇರುವೆ ಅಡ್ಡ ಬಂದರೆ ನಿಂತು ದಾರಿ ಬಿಡುವ ಸ್ವಭಾವ.

"ಕರಡಿ, ಇವತ್ತು ಪೌಡರ್ ಎರಚೋದು. ಅದಕ್ಕೆ ಚಿಟಿಕೆ ಮೆಣಸಿನ ಪುಡಿ ಸೇರಿಸಿದೀನಿ. ಸಿಡಿಲಿನ ಕಣ್ಣಲ್ಲಿ ನಿಜವಾದ ನೀರು ಬಂದ್ರೆ ಜನ ನಂಬ್ತಾರೆ," ಎಂದು ಮಾವ ಪೊಟ್ಟಣ ಕೊಟ್ಟ. ಸಿಡಿಲು ಎಂದರೆ ಒಳ್ಳೆಯ ಪೈಲ್ವಾನ. ಲಿಫ್ಟ್ ರಿಪೇರಿಯವನು. "ನಾನು ಕರವಸ್ತ್ರ ತೆಗೆದು ತಲೆ ಒರೆಸಿಕೊಂಡ ತಕ್ಷಣ ಇವನು ಬಗ್ಗಿ ಲೇಸ್ ಕಟ್ತಾನೆ. ನೀನು ಎರಚು."

"ಆಗಲಿ ಸರ್," ಎಂದ ಕರಡಿ. ಆಮೇಲೆ ರೆಫರಿಯ ಬಾಡಿದ ಮುಖ ನೋಡಿ, "ಅಣ್ಣಾ, ಊಟ ಆಯ್ತಾ?" ಎಂದು ಕೇಳಿದ.

ಊಟ ಆಗಿರಲಿಲ್ಲ. ಮನೆಗೆ ಹೋಗಿ ತಟ್ಟೆಯ ಮುಂದೆ ಕೂತು ಅನ್ನ ಕಲೆಸುತ್ತಲೇ ಇದ್ದ. ನೋಡಿದರೆ ಸಾಕಿದ ಮಾವ ಬೀದಿಗೆ ಬೀಳುತ್ತಾನೆ. ನೋಡದಿದ್ದರೆ ತಾನು ಬೀಳುತ್ತೇನೆ. ಹೆಂಡತಿ ಎಲ್ಲವನ್ನೂ ಕೇಳಿ, ಎದ್ದುಹೋಗಿ ಮಂಚದ ಕೆಳಗಿನಿಂದ ಒಂದು ಜೊತೆ ಹಳೆಯ ಶೂ ತಂದಿಟ್ಟಳು.

"ಇದನ್ನ ಹಾಕ್ಕೊಳ್ಳಿ."

"ಯಾಕೆ?"

"ಇದಕ್ಕೆ ಲೇಸಿಲ್ಲ. ಕಟ್ಟೋಕೆ ಲೇಸೇ ಇಲ್ಲ ಅಂದ್ರೆ ನೀವು ಬಗ್ಗೋ ಹಾಗಿಲ್ಲ. ನೀವು ಬಗ್ಗದೆ ಅವನು ಎರಚೋ ಹಾಗಿಲ್ಲ. ಮಾವನ ಮಾತು ಮೀರಿದ ಹಾಗೂ ಆಗಲ್ಲ. ಮರೆತು ಬೇರೆ ಶೂ ಹಾಕ್ಕೊಂಡು ಬಂದೆ ಅಂದ್ರಾಯ್ತು."

ಮದುವೆಯಾದಾಗಿನಿಂದ ಹೆಂಡತಿಯ ಬುದ್ಧಿಯನ್ನು ಅವನು ಅಷ್ಟು ಮೆಚ್ಚಿಕೊಂಡದ್ದು ಅದೇ ಮೊದಲು. ಮೆಚ್ಚಿದ್ದೇ ತಪ್ಪಾಯಿತು.

ಸಂಜೆ ಹಾಲ್ ಮುಕ್ಕಾಲು ತುಂಬಿತ್ತು. ಬೀದಿಯವರೆಲ್ಲ ಬಂದಿದ್ದರು, ಬಹಳ ಮಟ್ಟಿಗೆ ನಗಲಿಕ್ಕೆ. ಮುಂದಿನ ಸಾಲಿನಲ್ಲಿ ಮ್ಯಾನೇಜರು, ಅವರ ಹೆಂಡತಿ, ಅತ್ತೆ, ಮಕ್ಕಳು. ಅವರ ಹಿಂದೆಯೇ ಔಷಧಿ ಅಂಗಡಿಯವನು. ರೆಫರಿ ರಿಂಗ್ ಹತ್ತಿದಾಗ ಯಾರೋ "ಲೇಸ್, ಲೇಸ್" ಎಂದು ಕೂಗಿದರು. ಮ್ಯಾನೇಜರು ಕೈಕಟ್ಟಿ ಕೂತು ರೆಫರಿಯ ಕಣ್ಣನ್ನೇ ನೋಡುತ್ತಿದ್ದರು.

ಕುಸ್ತಿ ಶುರುವಾಯಿತು. ಸಿಡಿಲು ಹಾರಿದ, ಕರಡಿ ಗುರುಗುಟ್ಟಿದ, ಹಲಗೆ ಧಡಧಡ ಸದ್ದು ಮಾಡಿತು. ರೆಫರಿ ಮಾತ್ರ ಇಬ್ಬರನ್ನೂ ಬಿಟ್ಟು ಮಾವನ ಜೇಬನ್ನೇ ನೋಡುತ್ತಿದ್ದ. ಕೊನೆಗೆ ಸಿಡಿಲು ಒಂದು ಮೂಲೆಯಲ್ಲಿ ಮಂಡಿಯೂರಿ, ಪುಡಿ ಬೀಳಲು ಅನುಕೂಲವಾಗುವಂತೆ ಮುಖವನ್ನು ಮೇಲೆತ್ತಿ ಏದುಸಿರು ಬಿಡತೊಡಗಿದ.

ಮಾವ ಕರವಸ್ತ್ರ ತೆಗೆದು ಬೋಳು ತಲೆ ಒರೆಸಿಕೊಂಡ.

ಕರಡಿಯ ಕೈ ಸೊಂಟದ ಪಟ್ಟಿಯೊಳಗೆ ಹೋಯಿತು. ರೆಫರಿ ಬಗ್ಗಲಿಲ್ಲ. ಕರಡಿ ಬಸ್ಸಿನಲ್ಲಿ ಚಿಲ್ಲರೆ ಹುಡುಕುವವನಂತೆ ಪಟ್ಟಿಯೊಳಗೆ ಕೈಯಾಡಿಸುತ್ತ ಕಾದ. ಮಾವ ಇನ್ನೊಮ್ಮೆ ತಲೆ ಒರೆಸಿದ. ಮತ್ತೊಮ್ಮೆ ಒರೆಸಿದ. ತಲೆ ಹಿತ್ತಾಳೆ ತಂಬಿಗೆಯಂತೆ ಹೊಳೆಯತೊಡಗಿತು.

"ಅಣ್ಣಾ, ಲೇಸು," ಎಂದು ಕರಡಿ ಪಿಸುಗುಟ್ಟಿದ.

"ಇಲ್ಲ."

"ಏನಿಲ್ಲ?"

"ಲೇಸೇ ಇಲ್ಲ."

ಕರಡಿ ಅವನ ಶೂ ನೋಡಿದ. ಮುಖದಲ್ಲಿದ್ದ ಕ್ರೌರ್ಯವೆಲ್ಲ ಇಳಿದುಹೋಯಿತು. "ಅಯ್ಯೋ, ಮತ್ತೆ ನಾನೇನು ಮಾಡ್ಲಿ?"

ಹಿಂದಿನ ಸಾಲಿನಿಂದ ಒಬ್ಬ, "ಪೈಲ್ವಾನ್ರೆ, ಹೊಟ್ಟೆನೋವಾ?" ಎಂದ. ನಗು ಎದ್ದಿತು. ಮ್ಯಾನೇಜರು ಕಟ್ಟಿದ ಕೈ ಬಿಚ್ಚಿ ಮುಂದಕ್ಕೆ ಬಾಗಿ, ಕರಡಿಯ ಸೊಂಟ ನೋಡಿದರು, ರೆಫರಿಯ ಮುಖ ನೋಡಿದರು, ಮತ್ತೆ ಸೊಂಟ ನೋಡಿದರು. ಇನ್ನು ಒಂದು ಗಳಿಗೆ ಸುಮ್ಮನಿದ್ದರೆ ಕುಸ್ತಿಯೂ ಇಲ್ಲ, ಅಂಗಡಿಯೂ ಇಲ್ಲ ಎಂದು ರೆಫರಿಗೆ ಅನಿಸಿತು.

ಅವನು ನುಗ್ಗಿಹೋಗಿ ಕರಡಿಯ ಮುಂಗೈ ಹಿಡಿದ. "ಪುಡಿ. ಇವನ ಮುಷ್ಟಿಯಲ್ಲಿ ಪುಡಿ ಇದೆ. ನಾನು ನೋಡಿದೆ."

ನಗು ಅಲ್ಲೇ ಕಡಿದುಬಿತ್ತು. ಆಮೇಲೆ ಇಡೀ ಹಾಲ್ ಎದ್ದು ನಿಂತಿತು. "ಭೇಷ್ ರೆಫ್ರಿ" ಎಂದು ಮೊದಲು ಕೂಗಿದವನು ಔಷಧಿ ಅಂಗಡಿಯವನೇ. ಮ್ಯಾನೇಜರು ನಿಧಾನವಾಗಿ ತಲೆಯಾಡಿಸಿದ್ದು ರೆಫರಿಗೆ ಸ್ಪಷ್ಟವಾಗಿ ಕಂಡಿತು. ಅವನಿಗೆ ಸ್ಪಷ್ಟವಾಗಿ ಕಂಡ ಕೊನೆಯ ದೃಶ್ಯ ಅದು.

ಎಲ್ಲರಿಗೂ ತೋರಿಸೋಣವೆಂದು ಅವನು ಆ ಮುಷ್ಟಿಯನ್ನು ತನ್ನ ಮುಖದ ಹತ್ತಿರ ತಂದು ಹಿಂಡಿದ. ಬೆರಳ ಸಂದಿನಿಂದ ಸಣ್ಣ ಮೋಡವೊಂದು ಎದ್ದು ನೇರ ಅವನ ಕಣ್ಣಿಗೇ ಹೋಯಿತು. ಕೆಂಡ ತುಂಬಿದಂತಾಯಿತು. ಕಣ್ಣು ಉಜ್ಜಿಕೊಳ್ಳಲು ಎತ್ತಿದ ಕೈಯನ್ನು ಅವನು ಅರ್ಧದಲ್ಲೇ ತಡೆದ. ಮ್ಯಾನೇಜರು ನೋಡುತ್ತಿದ್ದಾರೆ. ಈಗ ಕಣ್ಣು ಉಜ್ಜಿದರೆ ಮಾಡಿದ್ದೆಲ್ಲ ನೀರುಪಾಲು. ಅವನು ಹಲ್ಲು ಕಚ್ಚಿ, ಎದೆ ಸೆಟೆಸಿ, ರೆಪ್ಪೆ ಬಡಿಯದೆ ನಿಂತ. ಎದುರಿಗೆ ಬರೀ ಮಂಜು.

"ಅಣ್ಣಾ, ಕಣ್ಣಿಗೆ ಬಿತ್ತಾ?" ಎಂದಿತು ಎಡಗಿವಿಯ ಬಳಿ ಕರಡಿಯ ಪಿಸುಮಾತು.

"ದೂರ ಹೋಗು ಮಾರಾಯ," ಎಂದು ತುಟಿ ಅಲುಗಿಸದೆ ಹೇಳಿ, ಮುಂಗೈ ಬಿಟ್ಟ.

ಕರಡಿಗೆ ಹಾಗೆ ಬಿಟ್ಟುಹೋಗಲು ಮನಸ್ಸು ಬರಲಿಲ್ಲ. ಅಣ್ಣ ಎಡವಿ ಬಿದ್ದಾನೆಂದು ಹಿಂದಿನಿಂದ ಸುತ್ತಿಬಂದು, ಬಲಗಡೆ ನಿಂತು, ಆಸರೆಗೆ ಕೈ ಚಾಚಿದ. ರೆಫರಿಯ ಲೆಕ್ಕದಲ್ಲಿ ಬಲಗಡೆ ಇರಬೇಕಾದವನು ಸಿಡಿಲು. ರೆಫರಿ ಬಲಕ್ಕೆ ಕೈ ನೀಡಿದ. ಬೆವತ ದಪ್ಪ ಕೈಯೊಂದು ಸಿಕ್ಕಿತು. ಅದನ್ನು ಹಿಡಿದು, ಆದಷ್ಟು ಎತ್ತರಕ್ಕೆ ಎತ್ತಿ, ಮೋಸಕ್ಕೆ ಜಯವಿಲ್ಲ ಎಂಬ ಧಾಟಿಯಲ್ಲಿ ಘೋಷಿಸಿದ.

"ಗೆದ್ದವರು, ಇವರು."

ಹಾಲ್ ಸ್ತಬ್ಧವಾಯಿತು. ಜನ ಉಸಿರು ಬಿಗಿಹಿಡಿದು ಹರ್ಷಿಸುತ್ತಿದ್ದಾರೆಂದು ರೆಫರಿ ತಿಳಿದ. ಮೊದಲ ಚಪ್ಪಲಿ ಭುಜಕ್ಕೆ ಬಿದ್ದಾಗಲೂ ಅದು ಹೂವಿರಬೇಕು ಎಂದುಕೊಂಡ.

ಆಮೇಲೆ ಎದ್ದ ಗದ್ದಲದಲ್ಲಿ ಯಾರೂ ನಗುತ್ತಿರಲಿಲ್ಲ. ಹಲ್ಲು ಕಡಿಯುತ್ತಿದ್ದರು. ಮ್ಯಾನೇಜರ ಅತ್ತೆಯೇ ಕುರ್ಚಿಯ ಮೇಲೆ ಹತ್ತಿ ನಿಂತು ಶಾಪ ಹಾಕಿದರು. ಕರಡಿ ರೆಫರಿಯನ್ನು ಮಗುವಿನಂತೆ ಎತ್ತಿಕೊಂಡು ಹಿಂಬಾಗಿಲಿನಿಂದ ಬಟ್ಟೆ ಬದಲಿಸುವ ಕೋಣೆಗೆ ತಂದು ನಲ್ಲಿಯ ಕೆಳಗೆ ಕೂರಿಸಿದ.

ಕಣ್ಣಿಗೆ ಮತ್ತೆ ಲೋಕ ಕಾಣತೊಡಗಿದಾಗ ಎದುರಿಗೆ ಮ್ಯಾನೇಜರು ನಿಂತಿದ್ದರು.

"ಸರ್, ನಾನು ಬೇಕು ಅಂತ ಮಾಡಿದ್ದಲ್ಲ. ಪುಡಿ ಬಿದ್ದು ಏನೂ ಕಾಣ್ತಿರಲಿಲ್ಲ."

"ಸುಳ್ಳು ಹೇಳಬೇಡಿ. ನಾನು ನಿಮ್ಮ ಕಣ್ಣನ್ನೇ ನೋಡ್ತಿದ್ದೆ. ರೆಪ್ಪೆ ಕೂಡ ಬಡೀಲಿಲ್ಲ ನೀವು. ಅಷ್ಟು ದೂರದಿಂದ ಮುಷ್ಟಿಯೊಳಗಿನ ಪುಡಿ ಕಂಡವರು ನೀವು. ನಿಮ್ಮ ದೃಷ್ಟಿ ಬಗ್ಗೆ ನನಗೆ ಯಾವ ಅನುಮಾನಾನೂ ಇಲ್ಲ." ಅವರು ಬಾಗಿಲ ಕಡೆ ತಿರುಗಿದರು. "ಕಣ್ಣು ಮಂಜಾದವನಿಗೆ ಕನ್ನಡಕ ಕೊಡಿಸಬಹುದು. ಎಲ್ಲ ಕಂಡೂ ಕಳ್ಳನ ಕೈ ಎತ್ತೋನಿಗೆ ಏನು ಕೊಡಿಸೋದು? ನಮ್ಮ ಡ್ರೈವರುಗಳನ್ನ ಎದುರಿನ ಅಂಗಡಿಗೆ ಕಳಿಸ್ತೀನಿ."

ಅವರು ಹೋದ ಬೆನ್ನಿಗೇ ಮಾವ ಒಳಗೆ ನುಗ್ಗಿದ. ಬೈಗುಳಕ್ಕೆ ಸಿದ್ಧನಾಗಿ ರೆಫರಿ ತಲೆ ತಗ್ಗಿಸಿದ. ಮಾವ ಅವನನ್ನು ತಬ್ಬಿಕೊಂಡು ಅತ್ತುಬಿಟ್ಟ.

"ಬೈತಿದಾರೆ ಕಣೋ. ನಿಜವಾಗ್ಲೂ ಬೈತಿದಾರೆ. ಟಿಕೆಟ್ ಕಿಟಕಿ ಮುಂದೆ ನೂಕುನುಗ್ಗಲು. ಮುಂದಿನ ವಾರದ್ದು ಈಗಲೇ ಕೊಡಿ ಅಂತ ಒಬ್ಬರ ಮೇಲೊಬ್ಬರು ಬೀಳ್ತಿದಾರೆ. ಹಾಲ್ ಮಾಲೀಕ ತಾನೇ ಬಂದು ನನ್ನ ಕೈ ಕುಲುಕಿದ. ಇಷ್ಟು ವರ್ಷ ನಾನು ತಪ್ಪು ಮನುಷ್ಯನನ್ನ ಕೆಟ್ಟೋನು ಮಾಡಿದ್ದೆ. ಕರಡಿ ಮೇಲೆ ಯಾರಿಗೂ ಸಿಟ್ಟಿಲ್ಲ, ಪಾಪ ಅಂತಿದಾರೆ. ಅವರಿಗೆ ಬೇಕಾಗಿರೋದು ನೀನು. ಮುಂದಿನ ವಾರ ಪೈಲ್ವಾನರಿಬ್ಬರೂ ಸೇರಿ ನಿನ್ನನ್ನ ಎತ್ತಿ ರಿಂಗಿನಿಂದ ಹೊರಗೆ ಎಸೀತಾರೆ ಅಂತ ಮೈಕ್‌ನಲ್ಲಿ ಹೇಳಿ ಬಂದಿದೀನಿ."

ಸಾಕಿದ ಮಾವ ಕಣ್ಣೊರೆಸಿಕೊಳ್ಳುತ್ತಿದ್ದ. ಈಗಲೂ ರೆಫರಿಯ ಬಾಯಿಂದ ಇಲ್ಲ ಎನ್ನುವ ಮಾತು ಹೊರಡಲಿಲ್ಲ.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. ಅವನ ಊದಿದ ಕಣ್ಣು ನೋಡಿ ಒಳಗೆ ಕರೆದು, ಒದ್ದೆ ಬಟ್ಟೆ ಇಟ್ಟು, ತಲೆ ನೇವರಿಸಿದಳು. ಲೋಕದಲ್ಲಿ ಒಬ್ಬರಾದರೂ ತನ್ನ ಕಡೆಗಿದ್ದಾರಲ್ಲ ಎಂದು ಅವನು ಅವಳ ಕೈ ಹಿಡಿದುಕೊಂಡ.

"ಮುಂದಿನ ವಾರ ನಿಮ್ಮನ್ನ ಎಸೀತಾರಂತಲ್ಲ," ಎಂದಳು.

"ಹೂಂ."

"ಎಡಗಡೆಗೆ ಎಸೆಯೋಕೆ ಹೇಳಿ. ನಾನು, ಅಮ್ಮ, ಅಕ್ಕ, ಪಕ್ಕದ ಮನೆಯವರು, ಎಲ್ಲ ಆ ಕಡೆಗೇ ಟಿಕೆಟ್ ತಗೊಂಡಿದೀವಿ."