ಹೊಸ್ತಿಲ ಮುಂದಿನ ಈಥೀನ್

ಖಾಲಿ ಜಾಗ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಇದು ಹುಟ್ಟುಗುಣವೋ, ಇಷ್ಟು ವರ್ಷ ರಂಗೋಲಿ ಹಾಕಿದ ಫಲವೋ ತಿಳಿಯದು. ಬೀರುವಿನಲ್ಲಿ ಒಂದು ಖಾನೆ ಖಾಲಿಯಾದರೆ ಹಳೆಯ ಡಬ್ಬಿಯೊಂದು ಅಲ್ಲಿಗೆ ಬಂದೇ ಬರುತ್ತದೆ. ಮಧುಗಿರಿ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೆ ನನ್ನ ಚೀಲ ಕೂರುತ್ತದೆ. "ನಿಮಗೆ ಫ್ರೀ ಸರಿ, ಚೀಲಕ್ಕೂ ಫ್ರೀ ಅಂತ ಯಾರಂದ್ರಮ್ಮ?" ಎಂದು ಕಂಡಕ್ಟರ್ ಒಮ್ಮೆ ಕೇಳಿಯೂ ಕೇಳಿದ. ಈ ಚಟದಿಂದ ಇದಕ್ಕಿಂತ ದೊಡ್ಡ ಕೆಡುಕೇನೂ ಆಗಿರಲಿಲ್ಲ, ನಾನು ಹೈಡ್ರೋಕಾರ್ಬನ್ ಓದಲು ಕೂರುವವರೆಗೆ.

ಹೊಳವನಹಳ್ಳಿ ಕಡೆಯ ನಮ್ಮೂರಿನ ಮಹಿಳಾ ಡೇರಿಯಲ್ಲಿ ನಾನು ಹಾಲು ಅಳೆಯುವವಳು. ಕಾರ್ಯದರ್ಶಿಯ ಜಾಗ ಖಾಲಿಯಾಗುತ್ತದೆಂದು ಸುದ್ದಿ ಬಂತು. ಖಾಲಿ ಎಂದಮೇಲೆ ಕೇಳಬೇಕೆ! ಆದರೆ ಆ ಕುರ್ಚಿಗೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ನನಗೋ, ಮದುವೆಗೆ ಮುಂಚಿನಿಂದ ವಿಜ್ಞಾನವೊಂದು ಉಳಿದುಹೋಗಿತ್ತು. ಪಿಯುಸಿ ಓದುವ ಮಗಳು ಕಾವ್ಯಳೇ ಗುರುವಾದಳು.

"ಚುಕ್ಕಿ ರಂಗೋಲಿ ಅಂತಾನೇ ತಿಳ್ಕೊಳಮ್ಮ. ಕಾರ್ಬನ್ ಚುಕ್ಕಿಯಿಂದ ನಾಲ್ಕು ಗೀಟು, ಹೈಡ್ರೋಜನ್‌ಗೆ ಒಂದೇ. ಒಂದು ಗೀಟು ಅಂದ್ರೆ ಆ ಕಡೆಯದೊಂದು, ಈ ಕಡೆಯದೊಂದು ಎಲೆಕ್ಟ್ರಾನು. ಇಬ್ರೂ ಹಂಚ್ಕೋತಾರೆ" ಎಂದಳು. ನಮ್ಮ ಕಂಬಕ್ಕೂ ಪಕ್ಕದ ಮನೆಯ ಕಂಬಕ್ಕೂ ಕಟ್ಟಿ, ಎರಡೂ ಮನೆಯ ಬಟ್ಟೆ ಒಣಗಿಸುವ ಹಗ್ಗ ನೆನಪಾಯಿತು. ಅರ್ಥವಾಯಿತು.

ಮಾರನೆಯ ದಿನದಿಂದ ಹೊಸ್ತಿಲ ಮುಂದೆಯೇ ಅಭ್ಯಾಸ. ಮೀಥೇನ್ ಸಲೀಸು: ನಡುವೆ ಒಂದು ಕಾರ್ಬನ್, ನಾಲ್ಕೂ ಕಡೆ ಹೈಡ್ರೋಜನ್. ಈಥೇನ್‌ನಲ್ಲಿ ಎರಡು ಕಾರ್ಬನ್ ಕೈ ಕೈ ಹಿಡಿದಿರುತ್ತವೆ, ಸುತ್ತ ಆರು ಹೈಡ್ರೋಜನ್. ನಾನು ಎಡವಿದ್ದು ಈಥೀನ್‌ನಲ್ಲಿ. ಅಲ್ಲಿ ಕಾರ್ಬನ್‌ಗಳು ಎರಡೆರಡು ಕೈಗಳಿಂದ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಒಂದೊಂದಕ್ಕೂ ಉಳಿಯುವುದು ಎರಡೇ ಕೈ. ಅವುಗಳಿಗೆ ಮೇಲೊಂದು, ಕೆಳಗೊಂದು ಹೈಡ್ರೋಜನ್ ಇಟ್ಟೆ. ಎಡಕ್ಕೂ ಬಲಕ್ಕೂ ಏನೂ ಇಲ್ಲ. ನನ್ನ ಕೈ ಕೇಳಲಿಲ್ಲ, ಆಚೆಗೊಂದು ಈಚೆಗೊಂದು ಹೈಡ್ರೋಜನ್ ಇಟ್ಟೇಬಿಟ್ಟೆ.

"ಅಮ್ಮಾ! ಕಾರ್ಬನ್‌ಗೆ ಐದು ಕೈ ಬಂತು!"

"ಬೋಳು ಬೋಳಾಗಿ ಕಾಣ್ತಿತ್ತು ಕಣೇ."

"ಈಗ ಬೋಳು ಕಂಡ್ರೆ ಕಾಣ್ಲಿ. ಇಲ್ದಿದ್ರೆ ಮಾರ್ಕ್ಸ್ ಕಾರ್ಡು ಬೋಳಾಗುತ್ತೆ."

ಮರುದಿನ ಹಲ್ಲು ಕಚ್ಚಿ ಸರಿಯಾಗಿಯೇ ಬರೆದು ಒಳಗೆ ಹೋದೆ. ಬಂದು ನೋಡಿದರೆ ಐದನೆಯ ಕೈ ಮತ್ತೆ ಹಾಜರು! ಪಕ್ಕದಲ್ಲಿ ರಂಗೋಲಿ ಬಟ್ಟಲು ಹಿಡಿದು ನಮ್ಮತ್ತೆ ನಿಂತಿದ್ದರು.

"ಅರ್ಧಕ್ಕೇ ಬುಟ್ಬುಟ್ಟು ಹೋಗಿದ್ಯಲ್ಲವ್ವ, ನಾನೇ ಮುಗುಸ್ದೆ" ಎಂದರು.

ಕಾವ್ಯ ಹಣೆ ಚಚ್ಚಿಕೊಂಡಳು. "ಅಜ್ಜೀ, ಅದಕ್ಕೆ ನಾಲ್ಕೇ ಕೈ!"

"ನಾಲ್ಕೇನಾ? ಅಂಗಂತ ಮೊದ್ಲೇ ಏಳ್ಬಾರ್ದಾ? ಲಕ್ಷ್ಮಮ್ಮಂಗೂ ನಾಲ್ಕೇಯ ಕಣಮ್ಮ. ಐದ್ನೇದು ಬರುದ್ರೆ ಅವ್ಳು ಲಕ್ಷ್ಮೀನೇ ಅಲ್ಲ, ಇನ್ಯಾರೋ" ಎಂದು ಅತ್ತೆ ತಾವೇ ಸೆರಗಿನಿಂದ ಒರೆಸಿದರು.

ಪರೀಕ್ಷೆಯ ದಿನ ಕೊರಟಗೆರೆಯಲ್ಲಿ ಕೊಠಡಿಯ ಬಾಗಿಲಿಗೆ ಹೋದರೆ, "ಪೋಷಕರು ಗೇಟಿನ ಆಚೆ ಇರ್ಬೇಕಮ್ಮ" ಎಂದರು ಮೇಲ್ವಿಚಾರಕರು. ಹಾಲ್ ಟಿಕೆಟ್ ತೋರಿಸಿ ಒಳಗೆ ಕೂತೆ. ಬಂದೇ ಬಂತು ಪ್ರಶ್ನೆ: ಈಥೀನ್‌ನ ರಚನೆ ಬರೆಯಿರಿ. ಬರೆದೆ. ಎಡಬಲ ಮತ್ತೆ ಬೋಳು. ಪೆನ್ನು ತಾನಾಗಿ ಆ ಕಡೆ ಹೊರಟಿತು. ನಾಲ್ಕು ಕೈಯ ಲಕ್ಷ್ಮಮ್ಮನನ್ನು ನೆನೆದು, ಪೆನ್ನು ಕೆಳಗಿಟ್ಟು, ನನ್ನ ಬಲಗೈಯನ್ನು ತೊಡೆಯ ಅಡಿಗೆ ಹಾಕಿಕೊಂಡು ಅದರ ಮೇಲೆ ಕೂತುಬಿಟ್ಟೆ. ತುಡಿತ ಇಳಿದ ಮೇಲೆ ಎಡಗೈಯಿಂದ ಪುಟ ತಿರುಗಿಸಿದೆ.

ಪಾಸಾದೆ! ಅತ್ತೆ ಬೀದಿಗೆಲ್ಲ ಸಕ್ಕರೆ ಹಂಚಿದರು. ಅರ್ಜಿ ಫಾರಂ ತಂದು, ಒಂದೂ ಚಿತ್ತಿಲ್ಲದೆ ತುಂಬಿ, ಹೆಮ್ಮೆಯಿಂದ ಕಾವ್ಯಳ ಕೈಗೆ ಕೊಟ್ಟೆ. ಓದುತ್ತಾ ಓದುತ್ತಾ ಕೊನೆಗೆ ಬಂದವಳು ತಲೆಯೆತ್ತಿದಳು.

"ಅಮ್ಮಾ, ಕಚೇರಿ ಉಪಯೋಗಕ್ಕೆ ಮಾತ್ರ ಅಂತ ಇರೋ ಕಡೆ ನಿನ್ನ ಹೆಸರ್ಯಾಕೆ ಬರೆದಿದ್ದೀಯ? ಊರು ಬೇರೆ ಬರೆದಿದ್ದೀಯ!"

"ಖಾಲಿ ಇತ್ತಲ್ಲ..." ಎಂದೆ.

ಹೊಸ ಫಾರಂ ಬಂದಿದೆ. ಈ ಸಲ ಬರೆಯುವುದು ಕಾವ್ಯ. ನಾನು ಬಲಗೈ ಮೇಲೆ ಕೂತು ಹೇಳುತ್ತಿದ್ದೇನೆ.