ಗಾಜಿನ ಕುಲುಮೆ ಗ್ರಂಥಾಲಯಕ್ಕೆ ಸೇರಿದ ಬಗೆ

ಒಂದು ದೇಶವು ಇಂತಿಷ್ಟು ಬೆಲೆಯ ಸರಕು ತಯಾರಿಸಲು ಎಷ್ಟು ಇಂಧನ ಉರಿಸುತ್ತದೆಯೋ ಅದನ್ನು ಆ ದೇಶದ ಇಂಧನ ತೀವ್ರತೆ ಎನ್ನಲಾಗುತ್ತದೆ. ಈ ಅಂಕಿ ಇಳಿದಷ್ಟೂ ದೇಶದ ಗೌರವ ಏರುತ್ತದೆ. ಇದನ್ನು ವಲಯವಾರು ಅಳೆದು ಪ್ರತಿ ವರ್ಷ ಪ್ರಕಟಿಸಲೆಂದೇ ಒಂದು ನಿರ್ದೇಶನಾಲಯವಿದೆ. ಅದರ ಮೂರನೇ ಮಹಡಿಯಲ್ಲಿ, ಕಿಟಕಿಗೆ ಬೆನ್ನು ಹಾಕಿ ಕೂರುವ ಅಂಕಿಅಂಶ ಸಹಾಯಕಿಯೊಬ್ಬಳಿದ್ದಾಳೆ.

ಆ ವರ್ಷದ ಪಟ್ಟಿಯಲ್ಲಿ ನಮ್ಮ ಗಾಜಿನ ವಲಯದ ತೀವ್ರತೆ ನೆರೆಯ ದೇಶದ ಎರಡರಷ್ಟಿತ್ತು. ನಿರ್ದೇಶಕರು ಪಟ್ಟಿಯನ್ನು ಓದಿ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿ, ಸುತ್ತೋಲೆ ಹೊರಡಿಸಿದರು: "ವರ್ಷಾಂತ್ಯದೊಳಗೆ ಸದರಿ ಅಂಕಿಯನ್ನು ನೆರೆಯ ದೇಶಕ್ಕಿಂತ ಕೆಳಗಿಳಿಸತಕ್ಕದ್ದು. ತಪ್ಪಿದಲ್ಲಿ ವಲಯವನ್ನೇ ಮುಚ್ಚತಕ್ಕದ್ದು."

ಗಾಜಿನ ವಲಯವೆಂದರೆ ಊರಾಚೆಯ ಒಂದೇ ಒಂದು ಬಾಟಲಿ ಕಾರ್ಖಾನೆ. ಅಲ್ಲಿನ ಕುಲುಮೆ ಮೇಸ್ತ್ರಿ ಸಹಾಯಕಿಯ ಒಡಹುಟ್ಟಿದ ಅಣ್ಣ. ಇಪ್ಪತ್ತಾರು ವರ್ಷ ಬೆಂಕಿಯೆದುರು ನಿಂತು ಅವನ ಹುಬ್ಬಿನ ಕೂದಲೆಲ್ಲ ಹೋಗಿತ್ತು; ಹೀಗಾಗಿ ಅವನಿಗೆ ಗಾಬರಿಯಾದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಸುತ್ತೋಲೆ ಟೈಪು ಮಾಡಿದ ಸಹಾಯಕಿ ಸಂಜೆ ನೇರವಾಗಿ ಅವನ ಮನೆಗೆ ಹೋದಳು.

"ಅಣ್ಣಾ, ಬೆಂಕಿ ಸ್ವಲ್ಪ ಕಮ್ಮಿ ಮಾಡೋಕಾಗಲ್ವಾ?"

"ಮಾಡಬಹುದು. ಗಾಜು ಕರಗಲ್ಲ, ಅಷ್ಟೆ."

"ಕರಗದಿದ್ರೆ ಏನಾಗುತ್ತೆ?"

"ಮರಳಾಗಿರುತ್ತೆ. ಮರಳು ನಮ್ಮ ಹತ್ರ ಆಗಲೇ ರಾಶಿ ಬಿದ್ದಿದೆ."

ಅತ್ತಿಗೆ ಚಹಾ ತಂದಿಟ್ಟು, "ಮುಚ್ಚಿಬಿಟ್ರೆ ಈ ವಯಸ್ಸಲ್ಲಿ ಇವರು ಇನ್ನೇನು ಕೆಲಸ ಕಲೀತಾರೆ, ನೀನೇ ಹೇಳು" ಎಂದಳು. ಸಹಾಯಕಿ ಚಹಾ ಅರ್ಧಕ್ಕೇ ಬಿಟ್ಟು ಎದ್ದಳು.

ಮರುದಿನ ಅವಳು ವಲಯ ವರ್ಗೀಕರಣ ನಿಯಮಾವಳಿಯನ್ನು ಮೊದಲ ಪುಟದಿಂದ ಓದತೊಡಗಿದಳು. ಮಧ್ಯಾಹ್ನದ ಹೊತ್ತಿಗೆ ನಲವತ್ತೊಂದನೇ ನಿಯಮ ಸಿಕ್ಕಿತು: "ಅಚ್ಚೊತ್ತಿದ ಅಕ್ಷರಗಳುಳ್ಳ ವಸ್ತುಗಳನ್ನು ಸಾರ್ವಜನಿಕರಿಗೆ ಒದಗಿಸುವ ಸಂಸ್ಥೆಯು ಗ್ರಂಥಾಲಯ ವಲಯಕ್ಕೆ ಸೇರತಕ್ಕದ್ದು." ಪ್ರತಿ ಬಾಟಲಿಯ ತಳದಲ್ಲೂ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತಿತ್ತು. ಅವಳು ಟಿಪ್ಪಣಿ ಬರೆದು ಮೇಲೆ ಕಳಿಸಿದಳು.

"ಇದು ಕಾನೂನಿನ ಪ್ರಕಾರ ಇದೆಯಾ?" ಎಂದರು ನಿರ್ದೇಶಕರು.

"ನಿಯಮದಲ್ಲೇ ಇದೆ ಸರ್."

"ಹಾಗಾದ್ರೆ ಇಷ್ಟು ವರ್ಷ ಕಾನೂನು ಮುರಿದವರು ನಾವೇ" ಎಂದು ಅವರು ಬೇಸರದಿಂದಲೇ ಸಹಿ ಹಾಕಿದರು.

ಮುಂದಿನ ಪಟ್ಟಿಯಲ್ಲಿ ಗಾಜಿನ ವಲಯದ ತೀವ್ರತೆ ಸೊನ್ನೆಯಾಗಿ ದೇಶಕ್ಕೆ ಮೊದಲ ಸ್ಥಾನ ಬಂತು. ನಿರ್ದೇಶಕರಿಗೆ ಸನ್ಮಾನವಾಯಿತು. ಅದೇ ಪಟ್ಟಿಯ ಕೆಳಗೆ, ಗ್ರಂಥಾಲಯ ವಲಯದ ತೀವ್ರತೆ ನೆರೆಯ ದೇಶದ ನಾಲ್ಕು ಸಾವಿರ ಪಟ್ಟು ಎಂದಿತ್ತು.

ಅಲ್ಲಿಯವರೆಗೆ ಗ್ರಂಥಾಲಯ ವಲಯವೆಂದರೆ ಬಸ್ ನಿಲ್ದಾಣದ ಹಿಂದಿನ ಒಂದು ವಾಚನಾಲಯ: ಎರಡು ಟ್ಯೂಬ್‌ಲೈಟು, ಒಂದು ಫ್ಯಾನು, ಮೂವತ್ತಮೂರು ವರ್ಷದಿಂದ ಅಲ್ಲೇ ಇದ್ದ ಗ್ರಂಥಪಾಲಕಿ. ಅವರಿಗೆ ನೋಟಿಸು ಹೋಯಿತು: "ತಾವು ದಿನವೊಂದಕ್ಕೆ ಹನ್ನೊಂದು ಟನ್ ಕಲ್ಲಿದ್ದಲು ಉರಿಸುತ್ತಿರುವುದು ಕಂಡುಬಂದಿದೆ. ವಿವರಣೆ ನೀಡಿ."

ಗ್ರಂಥಪಾಲಕಿ ಎರಡು ದಿನ ಯೋಚಿಸಿ ಉತ್ತರ ಬರೆದರು: "ಚಳಿಯಲ್ಲೂ ಫ್ಯಾನು ಹಾಕಿದ್ದು ನಿಜ. ಇನ್ನು ಹಾಗಾಗದು."

ತಪಾಸಣಾಧಿಕಾರಿ ಬಂದು ಫ್ಯಾನು ಬಿಚ್ಚಿಸಿಕೊಂಡು ಹೋದರು. ಅಂಕಿ ಅಲುಗಲಿಲ್ಲ. ಟ್ಯೂಬ್‌ಲೈಟುಗಳೂ ಹೋದವು. ಓದುಗರು ಕಿಟಕಿಯ ಬಳಿ ಒತ್ತಿಕೊಂಡು ಕೂತರು. ಅಂಕಿ ಆಗಲೂ ಅಲುಗದಿದ್ದಾಗ ವಾಚನಾಲಯ ಮುಚ್ಚುವ ನೋಟಿಸು ಬಂತು. ಅದನ್ನು ಹಿಡಿದು ಗ್ರಂಥಪಾಲಕಿ ಮೂರು ಮಹಡಿ ಹತ್ತಿ ಸಹಾಯಕಿಯ ಮೇಜಿನ ಮುಂದೆ ನಿಂತರು.

"ನೋಡಮ್ಮಾ, ನಮ್ಮಲ್ಲಿ ಇನ್ನು ಆರಿಸೋಕೆ ಉಳಿದಿರೋದು ನಾನೊಬ್ಬಳೇ" ಎಂದರು, ಏದುಸಿರು ಬಿಡುತ್ತ.

ಅಣ್ಣನ ಬೆಂಕಿಯನ್ನು ಎತ್ತಿ ತಾನು ಯಾರ ಮಡಿಲಿಗೆ ಹಾಕಿದೆನೆಂದು ಸಹಾಯಕಿ ಕಂಡಿದ್ದು ಆಗಲೇ. ಅವಳು ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟು, ಒಂದು ಲೋಟ ನೀರು ಕೊಟ್ಟಳು.

"ತೀವ್ರತೆ ಅಂದ್ರೆ ಭಾಗಾಕಾರ ಅಮ್ಮಾ. ಮೇಲೆ ಇಂಧನ, ಕೆಳಗೆ ಉತ್ಪನ್ನ. ಮೇಲಿಂದು ಇಳಿಯಲ್ಲ, ಕೆಳಗಿಂದು ಏರಿಸಬೇಕು. ಗ್ರಂಥಾಲಯದಲ್ಲಿ ಮಾರಿದ್ದು ಉತ್ಪನ್ನ ಅಲ್ಲ, ಎರವಲು ಕೊಟ್ಟಿದ್ದೇ ಉತ್ಪನ್ನ."

"ಅಂದ್ರೆ?"

"ಬಾಟಲಿಗಳನ್ನ ನೀವು ಓದೋಕೆ ಕೊಡಬೇಕು."

ಗ್ರಂಥಪಾಲಕಿ ನೀರು ಕುಡಿದು ಲೋಟ ಕೆಳಗಿಟ್ಟರು. "ಎಷ್ಟು ದಿನಕ್ಕೆ?"

"ಹದಿನಾಲ್ಕು."

ವಾಚನಾಲಯವು ಕಾರ್ಖಾನೆಯ ಆವರಣಕ್ಕೆ ಬಂತು. ಕುಲುಮೆಯ ಬಳಿ ನಿಶ್ಶಬ್ದ ಪಾಲಿಸತಕ್ಕದ್ದೆಂದೂ, ಒಡೆದ ಬಾಟಲಿಯನ್ನು ಹರಿದ ಪುಸ್ತಕವೆಂದು ಪರಿಗಣಿಸತಕ್ಕದ್ದೆಂದೂ ಆದೇಶವಾಯಿತು. ಅಣ್ಣನನ್ನು ಸಹಾಯಕ ಗ್ರಂಥಪಾಲಕನಾಗಿ ನೇಮಿಸಲಾಯಿತು. ಇನ್ನು ಮೇಲೆ ಕೂತು ಮಾಡುವ ಕೆಲಸವೆಂದು ಅತ್ತಿಗೆಗೆ ಸಮಾಧಾನ. ಅವನು ಮೊದಲಿನಂತೆಯೇ ಬೆಂಕಿಯೆದುರು ನಿಂತು, ಪಿಸುಮಾತಿನಲ್ಲಿ ಕೂಲಿಯವರನ್ನು ಬೈಯುತ್ತಿದ್ದ. ಔಷಧಿ ಅಂಗಡಿಯವರು ಸದಸ್ಯರಾದರು. ಎಣ್ಣೆ ವ್ಯಾಪಾರಿ ಒಂದೇ ತಿಂಗಳಲ್ಲಿ ಆರು ಸಾವಿರ ಪ್ರತಿ ಒಯ್ದು ಶ್ರೇಷ್ಠ ಓದುಗ ಪ್ರಶಸ್ತಿ ಪಡೆದರು. ಅಂಕಿ ಕುಸಿಯಿತು.

ನೆರೆಯ ದೇಶದ ನಿಯೋಗ ನೋಡಲು ಬಂತು. ಅದರ ಮುಖ್ಯಸ್ಥರು ಕಪಾಟುಗಳ ನಡುವೆ ಸುತ್ತಾಡಿ ತಲೆದೂಗಿದರು.

"ನಾವು ಗಾಜನ್ನ ಶಿಶುವಿಹಾರಕ್ಕೆ ಸೇರಿಸಿದ್ದೀವಿ. ಮಕ್ಕಳು ತುಂಬಾ ಸಹಕಾರ ಕೊಡ್ತಾರೆ."

ನಿರ್ದೇಶಕರು ಅದನ್ನು ಡೈರಿಯಲ್ಲಿ ಬರೆದುಕೊಂಡರು.

ಅಷ್ಟರಲ್ಲಿ ಹಳೆಯ ಸದಸ್ಯರಾದ ನಿವೃತ್ತ ಮೇಷ್ಟ್ರೊಬ್ಬರು ಹಸಿರು ಬಾಟಲಿಯೊಂದನ್ನು ಹಿಂದಿರುಗಿಸಲು ಬಂದರು.

"ಪೂರ್ತಿ ನೋಡಿದೆ ಅಮ್ಮಾ. ಒಳಗೆ ಏನೂ ಇರಲಿಲ್ಲ."

"ಬಹಳಷ್ಟು ಹಾಗೇ ಇರ್ತವೆ ಮೇಷ್ಟ್ರೇ" ಎಂದು ಗ್ರಂಥಪಾಲಕಿ ಮೊಹರು ಒತ್ತಿ, ಬಾಟಲಿಯನ್ನು ಅದರ ಜಾಗದಲ್ಲಿಟ್ಟು, ಅವರಿಗೆ ಇನ್ನೊಂದು ಕೊಟ್ಟರು.