ನೂರು ತಾಸಿನ ಪಾಠ

ಅಮರೇಶಪ್ಪನಿಗೆ ಇನ್ನು ಆರೇ ತಾಸು ಬಾಕಿ ಇತ್ತು. ನೂರು ತಾಸು ತರಗತಿಯಲ್ಲಿ ಕೂತವರಿಗಷ್ಟೇ ಸರ್ಟಿಫಿಕೇಟು, ಅದಿಲ್ಲದವರು ಪಾನಾ ಹಿಡಿದು ಒಂದು ನಟ್ಟೂ ಬಿಚ್ಚುವಂತಿಲ್ಲ ಎಂದು ಗ್ಯಾರೇಜಿನ ಹೊಸ ಮಾಲೀಕರು ಹೇಳಿಬಿಟ್ಟಿದ್ದರು.

ಹೈದರಾಬಾದಿನಲ್ಲಿ ಗಲ್ಲಿಗೊಂದು ಕಂಪ್ಯೂಟರ್ ಕ್ಲಾಸಿನ ಬೋರ್ಡು ಎದ್ದ ಕಾಲ ಅದು. ಗಾಜಿನ ಕಟ್ಟಡಗಳಲ್ಲಿ ನೌಕರಿ ಹಿಡಿದವರೆಲ್ಲ ಕಾರು ಕೊಂಡರು, ಕಾರಿನ ಬೆನ್ನಿಗೇ ಕಾಯ್ದೆಗಳೂ ಬಂದವು. ಅದಕ್ಕೂ ಮುಂಚೆ ಕೂಕಟ್‌ಪಲ್ಲಿಯ ತಗಡಿನ ಶೆಡ್ಡಿನಲ್ಲಿ ಹಿರಿಯ ಮೆಕ್ಯಾನಿಕ್ ಉಸ್ತಾದರು ಅಮರೇಶಪ್ಪನಿಗೆ ಕಿವಿ ಹಿಂಡಿ ಕಲಿಸಿದ್ದೇ ವಿದ್ಯೆ. ಮಧ್ಯಾಹ್ನ ಎಲ್ಲರೂ ಒಂದೇ ಬಾನೆಟ್ಟಿನ ಮೇಲೆ ರೊಟ್ಟಿ ಹರಡಿ ಉಣ್ಣುತ್ತಿದ್ದರು. ಗ್ರೀಸಿನ ವಾಸನೆ ಬಡಿದರೆ ಅವನಿಗೆ ಈಗಲೂ ಹಸಿವಾಗುತ್ತಿತ್ತು.

ಅಂಥವನು ನಲವತ್ತೆರಡರ ವಯಸ್ಸಿನಲ್ಲಿ, ಜೀಡಿಮೆಟ್ಲಾದ ತರಬೇತಿ ಕೇಂದ್ರದಲ್ಲಿ, ಮೀಸೆ ಚಿಗುರದ ಅಪ್ರೆಂಟಿಸುಗಳ ನಡುವೆ, ಮದುವೆಯ ಪಂಕ್ತಿಯಲ್ಲಿ ತಪ್ಪಿ ಕೂತ ಅಂಚೆಯವನಂತೆ ಕೂತಿದ್ದ.

ಕಡೆಯ ದಿನ. ಟೈ ಕಟ್ಟಿದ ಮೇಷ್ಟ್ರು ಚಂದ್ರಹಾಸ ಕಂಪ್ಯೂಟರಿನಲ್ಲಿ ಎಂಜಿನ್ನಿನ ಚಿತ್ರ ತೋರಿಸಿದ್ದೇ ತಡ, ಕರೆಂಟು ಹೋಯಿತು.

"ಚಿತ್ರ ಇಲ್ಲದ ಪಾಠ ಲೆಕ್ಕಕ್ಕಿಲ್ಲ" ಎಂದ ಚಂದ್ರಹಾಸ. "ಇವತ್ತಿಂದು ಮುಗೀಲಿಲ್ಲಂದ್ರ ಎಲ್ಲಾರೂ ಮತ್ತ ಮೊದಲಿಂದ ಕೂಡ್ರಬೇಕಾಗ್ತದ."

ಅಮರೇಶಪ್ಪ ಎದ್ದು ಹೊರಗೆ ನಡೆದ. ಹಿತ್ತಲಿನಲ್ಲಿದ್ದ ಸತ್ತ ಜನರೇಟರಿನ ಮುಂದೆ ತೋಳೇರಿಸಿ ಕೂತ. ಡೀಸೆಲ್ ಪೈಪು ಸೀಳುಬಿಟ್ಟಿತ್ತು. ಬೆರಳಿನಿಂದ ಒತ್ತಿ ಹಿಡಿದರೆ ಓಡುತ್ತಿತ್ತು, ಬಿಟ್ಟರೆ ಕೆಮ್ಮಿ ನಿಲ್ಲುತ್ತಿತ್ತು.

"ಬಾಯಾರ, ಸುತ್ತಾಕ ಒಂದೀಟು ಟೇಪ್ ಕೊಡ್ರಿ" ಎಂದ, ನೋಡಲು ಬಂದ ಗುಮಾಸ್ತೆ ಉಮಾಬಾಯಿಗೆ.

"ಟೇಪಿಗೆ ಪ್ರಿನ್ಸಿಪಾಲರ ಸಹಿ ಬೇಕ್ರಿ. ಅವರು ಸಂಜೀಕ ಬರ್ತಾರ."

"ಅಲ್ಲೀತನ?"

"ಅಲ್ಲೀತನ ಹಿಡಕೊಂಡಿರ್ರಿ."

ಹಿಡಿದುಕೊಂಡ. ಒಳಗೆ ಫ್ಯಾನು ತಿರುಗಿತು, ಪಾಠ ಸಾಗಿತು. ಹೊರಗೆ ಕಾವಲುಗಾರ ಬಂದು ಬೆರಳು ಬದಲಿಸಲು ಸಲಹೆ ಕೊಟ್ಟ. ಉಮಾಬಾಯಿ ಬಂದು ನಿಂಬೆಹಣ್ಣು ಕಟ್ಟಲು ಹೇಳಿದಳು. ಹೊಗೆಗೆ ಅಮರೇಶಪ್ಪನ ಮುಖ ತವೆಯ ತಳದಂತಾಯಿತು. ಆದರೂ ಎಂಜಿನ್ನಿನ ಸದ್ದಿಗೆ ಹಳೆಯ ಶೆಡ್ಡು ಕಣ್ಣಮುಂದೆ ಬಂದು, ಎಷ್ಟೋ ತಿಂಗಳ ಮೇಲೆ ಮನಸ್ಸು ಹಗುರವಾಗಿತ್ತು.

ಸಂಜೆ ಹಾಜರಿ ಪುಸ್ತಕ ನೋಡಿದರೆ ಎಲ್ಲರಿಗೂ ಆರು ತಾಸು, ಅವನಿಗೆ ಗೈರು.

"ನೀವು ಒಳಗ ಇರಲಿಲ್ಲಲ್ರಿ" ಎಂದ ಚಂದ್ರಹಾಸ.

ಅಷ್ಟರಲ್ಲಿ ಪ್ರಿನ್ಸಿಪಾಲ್ ಸೂರ್ಯನಾರಾಯಣ ಬಂದರು. ರಾಯಚೂರಿನವರು. ನಡೆದದ್ದನ್ನೆಲ್ಲ ಕೇಳಿ ಅಮರೇಶಪ್ಪನ ಮಸಿ ಕೈ ಹಿಡಿದರು. "ಇಂಥವರನ್ನ ಬೆಂಚಿನ ಮ್ಯಾಲ ಕೂಡಿಸಿದ್ದು ನಮ್ಮ ತಪ್ಪು. ಆ ನೂರು ತಾಸು ಮರ್ತುಬಿಡ್ರಿ. ಇನ್ನ ನೀವ ಇಲ್ಲಿ ಮೇಷ್ಟ್ರು."

ಅಮರೇಶಪ್ಪನ ಕಣ್ಣು ತುಂಬಿತು. ಉಸ್ತಾದರು ಇರಬೇಕಿತ್ತು ಅನ್ನಿಸಿತು.

"ಆದ್ರ ಕಲಿಸೋರಿಗೂ ಕಾಯ್ದೆ ಐತ್ರಿ" ಎಂದರು ಪ್ರಿನ್ಸಿಪಾಲರು. "ಮೊದಲಿಗೆ ಮೇಷ್ಟ್ರ ತರಬೇತಿ ಆಗಬೇಕು. ಮುನ್ನೂರು ತಾಸು, ಎಲ್ಲಾ ತರಗತಿಯೊಳಗ."

"ಅದನ್ನ ಯಾರು ಕಲಿಸ್ತಾರ್ರಿ?"

ಚಂದ್ರಹಾಸ ಟೈ ಸರಿಮಾಡಿಕೊಂಡು, ಹಾಜರಿ ಪುಸ್ತಕದಲ್ಲಿ ಹೊಸ ಹಾಳೆ ತಿರುವಿದ.